ಹೊಸಬರಿಗೆ ಮಾರ್ಗದರ್ಶಿ: ದಾವಣಗೆರೆಯಲ್ಲಿ ನಾಟಕ ಆಡಲು, ಬರೆಯಲು ಬಯಸುವ ಕುಟುಂಬಗಳಿಗೆ

ವರ್ಗಾವಣೆಯಾಗಿ ಬಂದವರು, ಮಕ್ಕಳ ಓದಿಗೆಂದು ಮನೆ ಮಾಡಿದವರು, ಮದುವೆಯಾಗಿ ಬಂದವರು, ವ್ಯಾಪಾರಕ್ಕೆ ಬಂದು ಇಲ್ಲೇ ನಿಂತವರು, ಎಲ್ಲರಿಗೂ ನಮ್ಮ ಕನ್ನಡ ಸಂಘದ ರಂಗ ವಿಭಾಗಕ್ಕೆ ಸ್ವಾಗತ. ಸದಸ್ಯತ್ವದ ಅರ್ಜಿ ಕಚೇರಿಯಲ್ಲಿ ಸಿಗುತ್ತದೆ, ಅದನ್ನು ತುಂಬುವುದು ನಿಮಗೆ ಗೊತ್ತಿರುವುದೇ. ಅರ್ಜಿ ಕೊಟ್ಟ ಮೇಲೆ ಏನಾಗುತ್ತದೆ, ಹೊಸಬರು ಎಲ್ಲಿ ಎಡವುತ್ತಾರೆ ಎಂಬುದನ್ನು ಮಾತ್ರ ಇಲ್ಲಿ ಬರೆದಿದ್ದೇವೆ.

ಇದು ಎಂಥ ಊರು

ದಾವಣಗೆರೆ ಎಂದರೆ ಬೆಣ್ಣೆದೋಸೆ, ಹತ್ತಿ ಗಿರಣಿ ಎಂದು ಕೇಳಿಕೊಂಡೇ ಬಂದಿರುತ್ತೀರಿ. ಇದು ಕಂಪನಿ ನಾಟಕದ ಊರು ಎಂಬುದನ್ನೂ ತಿಳಿದಿರಿ. ಚಿಂದೋಡಿ ವೀರಪ್ಪನವರ ಮನೆತನದ, ಚಿಂದೋಡಿ ಲೀಲಾ ಅವರು ಬೆಳಗಿಸಿದ ಕೆ.ಬಿ.ಆರ್. ಡ್ರಾಮಾ ಕಂಪನಿ ಇಲ್ಲಿಯದೇ. ವೃತ್ತಿ ರಂಗಭೂಮಿಗೆಂದೇ ಇರುವ ರಂಗಾಯಣವನ್ನು ಸರ್ಕಾರ ಕೊಟ್ಟಿದ್ದೂ ಈ ಊರಿಗೇ. ದುಗ್ಗಮ್ಮನ ಜಾತ್ರೆಯಲ್ಲಿ ನಾಟಕದ ಟೆಂಟಿಗೆ ಟಿಕೆಟ್ ಕೊಂಡು ಕೂತು ಬೆಳೆದ ಜನ ನಮ್ಮ ಪ್ರೇಕ್ಷಕರು.

ಹಾಗಾಗಿ ಬೆಂಗಳೂರಿನ ಸಣ್ಣ ರಂಗಮಂದಿರಗಳ ನಿಶ್ಶಬ್ದಕ್ಕೆ ಒಗ್ಗಿದವರು ಇಲ್ಲಿ ಮೊದಲ ಪ್ರಯೋಗದಲ್ಲಿ ಗಾಬರಿಯಾಗುತ್ತಾರೆ. ಹಿಂದಿನ ಸಾಲಿಗೆ ಮಾತು ಕೇಳದಿದ್ದರೆ ‘ಜೋರಾಗಿ ಮಾತಾಡ್ರೀ’ ಎಂದು ಕೂಗಿಯೇ ಬಿಡುತ್ತಾರೆ. ಅದರಲ್ಲಿ ಅವಮಾನವೇನಿಲ್ಲ, ಮಾತು ಬೇಕಾಗಿದೆ ಎಂದೇ ಕೂಗುತ್ತಾರೆ. ಚಪ್ಪಾಳೆ ಬಿದ್ದಾಗ ಅದರ ಮೇಲೆಯೇ ಮುಂದಿನ ಮಾತು ಆಡಿದರೆ ಮಾತು ಸತ್ತಂತೆ. ಪೂರ್ತಿ ನಿಲ್ಲಲಿ ಎಂದು ಕಾದರೆ ದೃಶ್ಯ ತಣ್ಣಗಾಗುತ್ತದೆ. ಚಪ್ಪಾಳೆ ಏರಿ ಇಳಿಯತೊಡಗಿದಾಗ ಮುಂದಿನ ಮಾತು ಎತ್ತಿಕೊಳ್ಳಿ. ಇದನ್ನು ತಾಲೀಮಿನಲ್ಲೇ, ನಾವೇ ಚಪ್ಪಾಳೆ ತಟ್ಟಿ, ಕಲಿಸುತ್ತೇವೆ.

ಯಾರು ಬರಬಹುದು

ಎಲ್ಲರೂ. ಮನೆಯಲ್ಲಿ ಉರ್ದು, ತೆಲುಗು, ಲಂಬಾಣಿ, ಮರಾಠಿ, ತುಳು, ಕೊಂಕಣಿ ಯಾವುದನ್ನು ಆಡುವವರಾದರೂ ಸರಿ. ಕನ್ನಡ ಓದಲು ಬಾರದವರಿಗೆ ಅವರ ಪಾತ್ರದ ಮಾತನ್ನು ಫೋನಿನಲ್ಲಿ ಧ್ವನಿ ಮುದ್ರಿಸಿ ಕೊಡುತ್ತೇವೆ. ಅವರು ತಮಗೆ ಗೊತ್ತಿರುವ ಲಿಪಿಯಲ್ಲಿ ಬರೆದುಕೊಳ್ಳಬಹುದು. ಎಂಟು ವರ್ಷ ದಾಟಿದ ಮಕ್ಕಳಿಗೆ ಪಾತ್ರ ಉಂಟು, ಅದಕ್ಕಿಂತ ಚಿಕ್ಕವರು ತಾಲೀಮು ನೋಡಲು ಬರಬಹುದು.

ಒಂದು ಮಾತು ಕಟ್ಟುನಿಟ್ಟಾಗಿ ಹೇಳುತ್ತೇವೆ. ನಿಮ್ಮ ಊರಿನ ಮಾತಿನ ಧಾಟಿಯನ್ನು ಬಚ್ಚಿಡಬೇಡಿ. ಕಲಬುರಗಿಯವರು ಕಲಬುರಗಿ ಕನ್ನಡದಲ್ಲಿ, ಕುಂದಾಪುರದವರು ಕುಂದಾಪುರದ ಕನ್ನಡದಲ್ಲಿ ಮಾತಾಡಿದರೆ ಇಲ್ಲಿ ಯಾರೂ ತಿದ್ದುವುದಿಲ್ಲ. ಪೌರಾಣಿಕ ನಾಟಕಕ್ಕೆ ಮಾತ್ರ ಮಹಾಪ್ರಾಣ, ಹಕಾರ ಸ್ಪಷ್ಟವಾಗಿರಬೇಕು, ಅದಕ್ಕೆ ಬೇರೆಯೇ ಅಭ್ಯಾಸ ಮಾಡಿಸುತ್ತೇವೆ. ಬೇರೆ ಭಾಷೆ ಆಡುವವರನ್ನು ನಗಿಸಲಿಕ್ಕೆಂದೇ ತಂದು ನಿಲ್ಲಿಸುವ ಪಾತ್ರಗಳನ್ನು ನಾವು ಆಡುವುದಿಲ್ಲ. ತಾಂಡಾದ ಹೆಂಗಸು ಎಂದರೆ ಕನ್ನಡಿ ಲಂಗ ಮತ್ತು ತಪ್ಪು ಕನ್ನಡ, ಸಾಬರು ಎಂದರೆ ‘ಅರೇ ಭಾಯ್’ ಎಂದು ಬರೆದುಕೊಂಡು ಬಂದ ದೃಶ್ಯಗಳನ್ನು ಓದುವ ಹಂತದಲ್ಲೇ ಹಿಂತಿರುಗಿಸುತ್ತೇವೆ.

ತಾಲೀಮು

ಪೂರ್ಣ ಪ್ರಮಾಣದ ನಾಟಕಕ್ಕೆ 45 ದಿನ, ಸಂಜೆ 6.30ರಿಂದ 8.30. ಆರೂವರೆ ಎಂದರೆ ಆರೂವರೆಯೇ. ‘ಮದುವೆ ಮನೆಗೆ ಹೋಗಿ ಬರುವಷ್ಟರಲ್ಲಿ’ ಎಂಬ ಸಬೂಬು ಎಲ್ಲರ ಹತ್ತಿರವೂ ಇರುತ್ತದೆ. ಒಬ್ಬರು ಬರದಿದ್ದರೆ ಅವರ ದೃಶ್ಯದಲ್ಲಿರುವ ಐದು ಜನರ ಸಂಜೆ ಹಾಳು, ಅವರ ಜಾಗದಲ್ಲಿ ಪುಸ್ತಕ ಹಿಡಿದು ನಿಂತವರ ಚಲನೆಗೆ ಉಳಿದವರು ಹೊಂದಿಕೊಂಡುಬಿಡುತ್ತಾರೆ. ನೀವು ಮರುದಿನ ಬಂದಾಗ ಡಿಕ್ಕಿ. ಮೊದಲ ಹದಿನೈದು ದಿನದಲ್ಲಿ ಮೂರು ಸಲ ಹೇಳದೆ ತಪ್ಪಿಸಿಕೊಂಡರೆ ಪಾತ್ರ ಬೇರೆಯವರಿಗೆ ಹೋಗುತ್ತದೆ. ಕೊನೆಯ ಹತ್ತು ದಿನ ತಪ್ಪಿಸುವಂತೆಯೇ ಇಲ್ಲ. ಊರಿನ ಹಬ್ಬ, ನಾಮಕರಣ, ಪರೀಕ್ಷೆಗಳ ದಿನಾಂಕವನ್ನು ಪಾತ್ರ ಒಪ್ಪಿಕೊಳ್ಳುವ ದಿನವೇ ಬರೆದುಕೊಡಿ. ಮೊದಲೇ ಗೊತ್ತಿದ್ದರೆ ನಾವೇ ವೇಳಾಪಟ್ಟಿ ಹೊಂದಿಸುತ್ತೇವೆ.

ರಂಜಾನ್ ತಿಂಗಳಲ್ಲಿ ತಾಲೀಮು 4 ಗಂಟೆಗೇ ಶುರುವಾಗಿ 5.45ಕ್ಕೆ ಮುಗಿಯುತ್ತದೆ. ಉಪವಾಸ ಇರುವವರು ಇಫ್ತಾರಿಗೆ ಮನೆ ಸೇರಬೇಕು. ಇದಕ್ಕೆ ಉಳಿದವರು ಕಚೇರಿಯ ನೆಪ ಹೇಳಬಾರದು, ಆ ತಿಂಗಳು ಕಚೇರಿಯಿಂದ ಬರಲಾಗದವರ ದೃಶ್ಯಗಳನ್ನು ಭಾನುವಾರಕ್ಕೆ ಇಡುತ್ತೇವೆ. ಮಾರ್ಚ್, ಏಪ್ರಿಲ್‌ನಲ್ಲಿ ಮಕ್ಕಳ ನಾಟಕವಿಲ್ಲ.

ಹೆಣ್ಣುಮಕ್ಕಳು ರಾತ್ರಿ ಒಬ್ಬರೇ ಆಟೊ ಹಿಡಿದು ಹೋಗುವಂತಿಲ್ಲ. ಒಂದೇ ದಿಕ್ಕಿಗೆ ಹೋಗುವವರ ಪಟ್ಟಿ ಮೊದಲ ದಿನವೇ ಆಗುತ್ತದೆ.

ಹೊಸ ನಾಟಕ ಬರೆದಿದ್ದರೆ

ನಮ್ಮ ತಂಡ ಇರುವುದೇ ಇದಕ್ಕೆ. ಹಳೆಯ ನಾಟಕಗಳನ್ನು ಚೆನ್ನಾಗಿ ಆಡುವ ತಂಡಗಳು ಬೇಕಾದಷ್ಟಿವೆ. ಬ್ಯಾಂಕಿನಲ್ಲಿ ಕೆಲಸ ಮಾಡುತ್ತಲೋ ಮನೆಯಲ್ಲಿ ಮಕ್ಕಳನ್ನು ನೋಡಿಕೊಳ್ಳುತ್ತಲೋ ಒಬ್ಬರು ಮೊದಲ ಬಾರಿಗೆ ಬರೆದ ನಾಟಕವನ್ನು ಓದಿ, ತಿದ್ದಿಸಿ, ವೇದಿಕೆಗೆ ತರುವವರು ಕಡಿಮೆ.

ಹಸ್ತಪ್ರತಿಯನ್ನು ಯೂನಿಕೋಡ್‌ನಲ್ಲಿ ಅಥವಾ ಪಿಡಿಎಫ್ ಮಾಡಿ ಕಳಿಸಿ. ಹಳೆಯ ನುಡಿ, ಬರಹ ಫಾಂಟಿನ ಕಡತ ಫೋನಿನಲ್ಲಿ ತೆರೆದರೆ ಅಕ್ಷರಗಳೆಲ್ಲ ಚೆಲ್ಲಾಪಿಲ್ಲಿ. ಕೈಬರಹವಾದರೂ ಸರಿ, ಹಾಳೆಯ ಒಂದೇ ಬದಿಗೆ ಬರೆದಿರಬೇಕು, ಪುಟಸಂಖ್ಯೆ ಇರಬೇಕು. ಎ4 ಹಾಳೆಯ ಒಂದು ಪುಟ ರಂಗದ ಮೇಲೆ ಹೆಚ್ಚುಕಡಿಮೆ ಎರಡು ನಿಮಿಷ. ತೊಂಬತ್ತು ನಿಮಿಷದ ನಾಟಕಕ್ಕೆ 45 ಪುಟ ಸಾಕು. ನೂರಿಪ್ಪತ್ತು ಪುಟ ತಂದವರಿಗೆ ಮೊದಲು ಕತ್ತರಿ ಹಿಡಿಯಲು ಹೇಳುತ್ತೇವೆ, ಬೇಸರ ಬೇಡ.

ಮೊದಲ ಓದು ಸುತ್ತ ಕೂತು ನಡೆಯುತ್ತದೆ. ಬರೆದವರು ಓದುವಂತಿಲ್ಲ. ಬರೆದವರೇ ಓದಿದರೆ ಹಾಳೆಯಲ್ಲಿ ಇಲ್ಲದ ಭಾವವೂ ಅವರ ದನಿಯಲ್ಲಿ ಬಂದುಬಿಡುತ್ತದೆ, ದೋಷ ಕಾಣುವುದಿಲ್ಲ. ಅವರು ಪೆನ್ಸಿಲ್ ಹಿಡಿದು, ಓದುವವರು ಎಲ್ಲಿ ತಡವರಿಸಿದರು, ಕೇಳುವವರು ಎಲ್ಲಿ ಫೋನು ನೋಡಿದರು ಎಂದು ಅಂಚಿನಲ್ಲಿ ಗುರುತು ಹಾಕಿಕೊಳ್ಳಬೇಕು. ಓದು ಮುಗಿದ ಮೇಲೆ ಮೂರು ಪ್ರಶ್ನೆ ಮಾತ್ರ: ಯಾರಿಗೆ ಏನು ಬೇಕಾಗಿದೆ, ಅದಕ್ಕೆ ಅಡ್ಡ ಬಂದವರು ಯಾರು, ಕೊನೆಗೆ ಏನು ಬದಲಾಯಿತು. ‘ಚೆನ್ನಾಗಿದೆ’ ಎಂಬ ಮಾತನ್ನು ಆ ದಿನ ಯಾರೂ ಆಡುವುದಿಲ್ಲ. ಅದು ಬರೆದವರಿಗೆ ಯಾವ ಉಪಯೋಗಕ್ಕೂ ಬರುವುದಿಲ್ಲ.

ತಿದ್ದಲು ಒಂದು ತಿಂಗಳು. ಎರಡನೆಯ ಓದು ಎದ್ದು ನಿಂತು. ಆಗಲೇ ಗೊತ್ತಾಗುವುದು, ಏಳು ಜನ ವೇದಿಕೆಯಲ್ಲಿದ್ದು ಇಬ್ಬರು ಮಾತ್ರ ಮಾತಾಡುತ್ತಿದ್ದಾರೆ, ಉಳಿದ ಐವರು ಕೈ ಕಟ್ಟಿ ನಿಂತಿದ್ದಾರೆ ಎಂದು. ಹೊಸಬರ ನಾಟಕದಲ್ಲಿ ಪದೇ ಪದೇ ಕಾಣುವ ತೊಂದರೆ ಇದೇ: ಒಳಗೆ ಬರಲು ಎಲ್ಲರಿಗೂ ಕಾರಣ ಕೊಟ್ಟಿರುತ್ತಾರೆ, ಹೊರಗೆ ಹೋಗಲು ಕೊಟ್ಟಿರುವುದಿಲ್ಲ. ಇನ್ನೊಂದು, ಸಣ್ಣ ಸಣ್ಣ ದೃಶ್ಯಗಳು. ಎರಡೆರಡು ನಿಮಿಷಕ್ಕೆ ಮನೆ, ಆಸ್ಪತ್ರೆ, ಬಸ್ ನಿಲ್ದಾಣ ಎಂದು ಬರೆದರೆ ಧಾರಾವಾಹಿಗೆ ಸರಿ. ವೇದಿಕೆಯಲ್ಲಿ ಪ್ರತಿ ಬದಲಾವಣೆಗೂ ಮೂವತ್ತು ಸೆಕೆಂಡ್ ಕತ್ತಲೆ ಎಂದರೂ ಇಪ್ಪತ್ತು ದೃಶ್ಯಕ್ಕೆ ಹತ್ತು ನಿಮಿಷ ಕತ್ತಲಲ್ಲೇ ಹೋಗುತ್ತದೆ.

ಮೂರನೆಯ ಓದು ಎಂದರೆ ಪುಸ್ತಕ ಹಿಡಿದುಕೊಂಡೇ ಮೂವತ್ತು-ನಲವತ್ತು ಜನರ ಮುಂದೆ ಪ್ರದರ್ಶನ. ಇದರಲ್ಲಿ ನಿಂತ ನಾಟಕವನ್ನು ಮಾತ್ರ ತಾಲೀಮಿಗೆ ಎತ್ತಿಕೊಳ್ಳುತ್ತೇವೆ.

ಎರಡು ಭಾಷೆಯ ನಾಟಕ ಬರೆಯುವವರಿಗೆ: ಒಂದು ಭಾಷೆಯಲ್ಲಿ ಹೇಳಿದ್ದನ್ನು ಇನ್ನೊಂದರಲ್ಲಿ ಮತ್ತೆ ಹೇಳಿಸಬೇಡಿ. ಎರಡೂ ಬಲ್ಲವರಿಗೆ ಬೇಸರ, ಒಂದೇ ಬಲ್ಲವರಿಗೆ ಪಾಠ ಕೇಳಿದಂತೆ. ಪ್ರಶ್ನೆ ಒಂದರಲ್ಲಿ, ಉತ್ತರ ಇನ್ನೊಂದರಲ್ಲಿ ಇರಲಿ. ಅಜ್ಜಿ ತೆಲುಗಿನಲ್ಲಿ ಏನೋ ಕೇಳುತ್ತಾಳೆ. ಮೊಮ್ಮಗ ಶೂ ಲೇಸು ಕಟ್ಟುತ್ತ, ‘ಆಗಲೇ ನುಂಗಿದ್ನಲ್ಲಜ್ಜಿ, ಎರಡೂ ಮಾತ್ರೆ ನುಂಗೀನಿ’ ಎನ್ನುತ್ತಾನೆ. ತೆಲುಗು ಬಾರದವರಿಗೂ ಅಜ್ಜಿ ಕೇಳಿದ್ದು ತಿಳಿಯಿತು. ಕಥೆ ತಿರುಗುವ ಒಂದೆರಡು ಮಾತು ಮಾತ್ರ ಕನ್ನಡದಲ್ಲೇ ಇರಲಿ.

ಹಾಡು, ವಾದ್ಯ ತರುವವರಿಗೂ ಒಂದು ಮಾತು. ನಮ್ಮ ನೆರೆಯ ಚಿತ್ರದುರ್ಗದ ಸೀಮೆಯಲ್ಲಿ ಕಾಡುಗೊಲ್ಲರು ತಮ್ಮ ದೈವ ಜುಂಜಪ್ಪನ ಮೇಲೆ ಹಾಡುವ ಕಾವ್ಯ, ಗಣೆ ಎಂಬ ಬಿದಿರಿನ ಉದ್ದ ಕೊಳಲು, ಉರುಮೆ ಎಂಬ ಚರ್ಮವಾದ್ಯ ಎಲ್ಲ ಇವೆ, ಹೊಸ ನಾಟಕಕಾರರಿಗೆ ಆಸೆ ಹುಟ್ಟುವುದು ಸಹಜ. ಗಣೆ ಆ ಜನರಿಗೆ ಭಕ್ತಿಯ ವಸ್ತು. ಅಂಗಡಿಯ ಬಿದಿರು ಕೊಳವೆ ತಂದು ರಂಗಪರಿಕರ ಮಾಡಿಕೊಳ್ಳಬೇಡಿ. ಹಾಡುವವರನ್ನೇ ಕರೆಸಿ, ಸಂಭಾವನೆಯನ್ನು ಮೊದಲೇ ಮಾತಾಡಿ, ಕರಪತ್ರದಲ್ಲಿ ಹೆಸರು ಹಾಕಿ. ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು ಬಂದು ‘ಜಾನಪದ’ ಎಂದು ಹಾಕಿಬಿಡುವುದು ಕಳ್ಳತನವೇ.

ಅನುಮತಿ ಪತ್ರ

ದಯವಿಟ್ಟು ಇದನ್ನು ಎರಡು ಸಲ ಓದಿ. ಪೋಸ್ಟರ್ ಅಂಟಿಸಿ, ಟಿಕೆಟ್ ಮಾರಿದ ಮೇಲೆ ನಾಟಕ ನಿಲ್ಲುವುದು ಇದರಿಂದಲೇ.

ನಮ್ಮ ದೇಶದ ಕಾನೂನಿನಲ್ಲಿ ಕೃತಿಯ ಹಕ್ಕು ಲೇಖಕರ ಜೀವಿತಕಾಲ ಮತ್ತು ಅವರು ತೀರಿದ ಮರುವರ್ಷದಿಂದ 60 ವರ್ಷ. ಟಿ.ಪಿ. ಕೈಲಾಸಂ ತೀರಿಕೊಂಡದ್ದು 1946ರಲ್ಲಿ, ಅವರ ನಾಟಕಗಳು 2007ರಿಂದ ಮುಕ್ತ. ಶ್ರೀರಂಗರು ತೀರಿಕೊಂಡದ್ದು 1984ರಲ್ಲಿ, ಅವರ ನಾಟಕಕ್ಕೆ 2044ರ ಕೊನೆಯವರೆಗೂ ಅನುಮತಿ ಬೇಕು. ಪುಸ್ತಕ ಅಂಗಡಿಯಲ್ಲಿ ಕೊಂಡಿದ್ದೇವಲ್ಲ ಎಂದರೆ ಓದಲು ಕೊಂಡಿದ್ದೀರಿ, ಆಡಲು ಅಲ್ಲ. ಶೇಕ್ಸ್‌ಪಿಯರ್ ಮುಕ್ತ, ಆದರೆ ಅವನ ನಾಟಕವನ್ನು ಕನ್ನಡಕ್ಕೆ ತಂದವರ ಹಕ್ಕು ಬೇರೆ ಇರುತ್ತದೆ. ಕಾದಂಬರಿ, ಕಥೆಯನ್ನು ನಾಟಕ ಮಾಡಿದರೆ ಮೂಲ ಲೇಖಕರದ್ದೂ ಬೇಕು, ರೂಪಾಂತರಿಸಿದವರದ್ದೂ ಬೇಕು. ಸಿನಿಮಾ ಹಾಡು ಹಾಕುವುದಿದ್ದರೆ ಅದಕ್ಕೂ ಪರವಾನಗಿ ಉಂಟು, ಅದರ ಬದಲು ನಮ್ಮವರೇ ಹಾಡು ಕಟ್ಟಲಿ.

ಫೋನಿನಲ್ಲಿ ‘ಮಾಡ್ಕೊಳ್ರೀ’ ಎಂದರು ಎನ್ನುವುದು ಅನುಮತಿಯಲ್ಲ. ಎಷ್ಟು ಪ್ರಯೋಗ, ಯಾವ ವರ್ಷದವರೆಗೆ, ಯಾವ ಭಾಗ ಕತ್ತರಿಸಬಹುದು, ಗೌರವಧನ ಎಷ್ಟು, ವಿಡಿಯೊ ಹಾಕಬಹುದೇ, ಈ ಐದೂ ಬರಹದಲ್ಲಿರಬೇಕು. ವಿಡಿಯೊದ ಮಾತನ್ನು ಎಲ್ಲರೂ ಮರೆಯುತ್ತಾರೆ.

ನಿಮ್ಮದೇ ಹೊಸ ನಾಟಕವಾದರೂ ಇದೇ ಪತ್ರ ನಮಗೆ ನೀವು ಕೊಡುತ್ತೀರಿ. ನಾಟಕದ ಹಕ್ಕು ನಿಮ್ಮದಾಗಿಯೇ ಉಳಿಯುತ್ತದೆ, ಸಂಘಕ್ಕೆ ಬರುವುದು ಆಡುವ ಅನುಮತಿ ಮಾತ್ರ. ಹಕ್ಕಿಗೆ ನೋಂದಣಿ ಕಡ್ಡಾಯವಲ್ಲ, ಆದರೆ ಪ್ರತಿ ತಿದ್ದುಪಡಿಯನ್ನೂ ದಿನಾಂಕ ಸಹಿತ ನಿಮ್ಮದೇ ಇಮೇಲ್‌ಗೆ ಕಳಿಸಿಕೊಂಡು ಇಟ್ಟುಕೊಳ್ಳಿ.

ಬಯಲಿನಲ್ಲಿ ಆಡುವುದಿದ್ದರೆ ಧ್ವನಿವರ್ಧಕಕ್ಕೆ ಲಿಖಿತ ಅನುಮತಿ ಬೇಕು, ರಾತ್ರಿ 10ರ ಮೇಲೆ ಹಾಕುವಂತಿಲ್ಲ. 7.30ಕ್ಕೆ ಶುರು ಎಂದು ಅಚ್ಚು ಹಾಕಿಸಿ, ಸನ್ಮಾನ, ಭಾಷಣ ಮುಗಿಸಿ 8.45ಕ್ಕೆ ಪರದೆ ಎತ್ತಿದರೆ ಕೊನೆಯ ದೃಶ್ಯಕ್ಕೆ ಮೈಕ್ ಇರುವುದಿಲ್ಲ. ಸನ್ಮಾನಗಳನ್ನು ನಾಟಕ ಮುಗಿದ ಮೇಲೆ ಇಟ್ಟುಕೊಳ್ಳಿ.

ದೀಪ

ಪಾತ್ರ ಸಿಗದ ಹೊಸಬರು ದೀಪದ ಕೆಲಸಕ್ಕೆ ಬನ್ನಿ. ಇಲ್ಲಿ ಕಲಿತವರೇ ಮುಂದೆ ಒಳ್ಳೆಯ ನಿರ್ದೇಶಕರಾಗುತ್ತಾರೆ.

15 ಆಂಪಿಯರ್‌ನ ಒಂದು ಸಾಕೆಟ್ಟು 230 ವೋಲ್ಟ್‌ನಲ್ಲಿ ತಡೆಯುವುದು ಹೆಚ್ಚೆಂದರೆ 3,450 ವಾಟ್. 1000 ವಾಟಿನ ಹ್ಯಾಲೊಜೆನ್ ಮೂರು ಹಾಕಿದರೆ ಅಂಚಿಗೆ ಬಂದಿರಿ, ಹಳೆಯ ಕಟ್ಟಡದಲ್ಲಿ ಎರಡೇ ಹಾಕಿ. ಹನ್ನೆರಡು ದೀಪ ಬೇಕಾದರೆ ಮೂರು ಫೇಸಿನಿಂದ ನೇರ ಸಂಪರ್ಕ ತೆಗೆದುಕೊಂಡು ಫೇಸಿಗೆ ನಾಲ್ಕರಂತೆ ಹಂಚಬೇಕು, ಅದನ್ನು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ನೇ ಮಾಡಬೇಕು. ಎಕ್ಸ್‌ಟೆನ್ಷನ್ ವೈರನ್ನು ಉರುಳೆಯಿಂದ ಪೂರ್ತಿ ಬಿಚ್ಚಿ ಹಾಸಿ. ಸುತ್ತಿದ್ದಂತೆಯೇ ಬಳಸಿದರೆ ಒಳಗಿನ ಸುತ್ತುಗಳ ಬಿಸಿ ಹೊರಗೆ ಹೋಗದೆ ಮೇಲ್ಪದರ ಕರಗುತ್ತದೆ. ಕರೆಂಟು ಹೋಗಿ ಜನರೇಟರ್ ಹತ್ತಿದರೂ ದೀಪಗಳನ್ನು ನಡೆಸುವ ಡಿಜಿಟಲ್ ಬೋರ್ಡ್ ಎಚ್ಚರಾಗಲು ಸಮಯ ಬೇಕು. ನಟರು ನಿಂತಲ್ಲೇ ನಿಂತಿರಲಿ, ಕತ್ತಲಲ್ಲಿ ಹೆಜ್ಜೆ ಹಾಕುವುದು ಬೇಡ.

ಬಣ್ಣ

ಮೀಸೆ, ಗಡ್ಡ ಅಂಟಿಸುವ ಸ್ಪಿರಿಟ್ ಗಮ್ ಎಲ್ಲರ ಚರ್ಮಕ್ಕೂ ಆಗುವುದಿಲ್ಲ. ಹಿಂದಿನ ದಿನ ಮೊಣಕೈ ಒಳಭಾಗಕ್ಕೆ ಹಚ್ಚಿ ನೋಡಿ. ತೆಗೆಯುವಾಗ ಕಿತ್ತುಬಿಡಬೇಡಿ, ಕೊಬ್ಬರಿ ಎಣ್ಣೆ ಹಚ್ಚಿ ಐದು ನಿಮಿಷ ಬಿಡಿ. ಸ್ಪಂಜು ಒಬ್ಬರದ್ದು ಒಬ್ಬರಿಗೆ ಬೇಡ.

ಮೊದಲ ದಿನ ತರಬೇಕಾದ್ದು

ನೀರಿನ ಬಾಟಲಿ
ಪೆನ್ಸಿಲ್, ರಬ್ಬರು (ಪೆನ್ನು ಬೇಡ, ಚಲನೆ ದಿನವೂ ಬದಲಾಗುತ್ತದೆ)
ಕೂರಲು, ಉರುಳಲು ಆಗುವ ಹತ್ತಿ ಬಟ್ಟೆ
ಮಕ್ಕಳಿದ್ದರೆ ಪಾಲಕರ ಒಪ್ಪಿಗೆ ಪತ್ರ

ಚಹಾ, ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಸಂಘದ್ದು.

ನೋಡಲೇಬೇಕಾದ್ದು

ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿ. ಒಂದು ಹಳ್ಳಿಯಲ್ಲಿ ಬಯಲು ರಂಗಮಂದಿರ, ರಂಗಶಾಲೆ, ರಾಜ್ಯವಿಡೀ ಸುತ್ತುವ ಶಿವಸಂಚಾರ ತಂಡ ಇವೆ. ಪಂಡಿತಾರಾಧ್ಯ ಶಿವಾಚಾರ್ಯ ಸ್ವಾಮೀಜಿಯವರು ಕಟ್ಟಿದ್ದು. ನವೆಂಬರ್ ಹೊತ್ತಿನ ನಾಟಕೋತ್ಸವಕ್ಕೆ ಕುಟುಂಬ ಸಮೇತ ಹೋಗಿ, ಕಲ್ಲಿನ ಮೆಟ್ಟಿಲ ಮೇಲೆ ಹಾಸಲು ಕಂಬಳಿ, ರಾತ್ರಿಯ ಚಳಿಗೆ ಸ್ವೆಟರ್ ಒಯ್ಯಿರಿ. ನಾಟಕ ಮುಗಿದ ಮೇಲೆ ಬಸ್ಸು ನಂಬಬೇಡಿ, ಸಂಘದಿಂದ ವಾಹನ ಹೊರಡುವ ದಿನ ಹೆಸರು ಕೊಡಿ. ಚಿತ್ರದುರ್ಗದ ತ.ರಾ.ಸು. ರಂಗಮಂದಿರದ ಪ್ರಯೋಗಗಳಿಗೂ ಹೀಗೆಯೇ ಒಟ್ಟಾಗಿ ಹೋಗುತ್ತೇವೆ. ನಾಟಕವನ್ನೇ ಓದಾಗಿ ಕಲಿಯಬೇಕೆನ್ನುವ ಮಕ್ಕಳಿದ್ದರೆ ಸಾಣೇಹಳ್ಳಿ, ಹೆಗ್ಗೋಡಿನ ನೀನಾಸಂ, ಮೈಸೂರಿನ ರಂಗಾಯಣ ಮೂರನ್ನೂ ವಿಚಾರಿಸಿ.

ಪ್ರಯೋಗ ಮುಗಿದ ಮೇಲೆ

ರಂಗಸಜ್ಜಿಕೆ ಬಿಚ್ಚಿ ಗಾಡಿಗೆ ಏರಿಸುವವರೆಗೂ ಎಲ್ಲರೂ ಇರಬೇಕು, ಮುಖ್ಯ ಪಾತ್ರ ಮಾಡಿದವರು ಕೂಡ. ಫೋಟೊ ಆಮೇಲೆ. ಮೊಳೆಗಳನ್ನು ಡಬ್ಬಿಗೆ ಹಾಕಿ ವೇದಿಕೆ ಗುಡಿಸಿ, ಮರುದಿನ ಅಲ್ಲಿ ಬರಿಗಾಲಲ್ಲಿ ಕುಣಿಯುವ ಮಕ್ಕಳಿರುತ್ತಾರೆ. ವೇಷಭೂಷಣವನ್ನು ಒಗೆದು, ಪೂರ್ತಿ ಒಣಗಿಸಿ, ಪಾತ್ರದ ಹೆಸರಿನ ಚೀಟಿ ಸಿಕ್ಕಿಸಿ ಮೂರು ದಿನದೊಳಗೆ ಕಚೇರಿಗೆ ತಲುಪಿಸಿ. ಹಸಿ ಇದ್ದಾಗಲೇ ಪೆಟ್ಟಿಗೆಗೆ ಹಾಕಿದರೆ ಜರಿ ಕಪ್ಪಾಗುತ್ತದೆ, ಪಕ್ಕದ ಬಟ್ಟೆಗೂ ಬೂಷ್ಟು ಹಿಡಿಯುತ್ತದೆ.