ವಾರಿಯ ದಿಂಡಿಯಲ್ಲಿ ಭೇದಿ ನಿಂತ ಬಗೆ: ನನ್ನ ಅನುಭವ

ವಾರಿ ಎಂಬ ಪಾದಯಾತ್ರೆಯಲ್ಲಿ ಆಳಂದಿಯಿಂದ ಪಂಢರಪುರಕ್ಕೆ ನಡೆಯುವ ನಮ್ಮ ಪುಣೆ ಕನ್ನಡಿಗರ ದಿಂಡಿಯಲ್ಲಿ, ಅಂದರೆ ಯಾತ್ರಿಕರ ತಂಡದಲ್ಲಿ, ಈ ಸಲ ಸುಮಾರು 110 ಜನರಿದ್ದರು. ಹೊಟ್ಟೆ ಕೆಟ್ಟು ಮಲಗಿದವರು ಇಬ್ಬರೇ. ನಾಲ್ಕು ವರ್ಷದ ಹಿಂದೆ ನೀರಿನ ಹೊಣೆ ನನ್ನ ಪಾಲಿಗೆ ಬಂದಾಗ, ಲೋಣಂದ ಮುಟ್ಟುವಷ್ಟರಲ್ಲಿ ಮೂವತ್ತಕ್ಕೂ ಹೆಚ್ಚು ಜನ ನಡೆಯಲಾರದೆ ಟ್ರಕ್ ಏರಿದ್ದರು. "ಹವಾಲ್ದಾರ್ರ, ನೀರು ಬದಲಾದ್ರ ಹೊಟ್ಟಿ ಕೆಡೂದು ಇದ್ದದ್ದ" ಎಂದರು ಹಿರಿಯರು. ಸೇನೆಯಲ್ಲಿ ಇಪ್ಪತ್ತು ವರ್ಷ ನೀರು, ಲಂಗರು (ಸೇನೆಯ ಅಡುಗೆಮನೆ), ಶೌಚದ ಕೆಲಸ ನೋಡಿಕೊಂಡ ನಾನು ಅದನ್ನು ಒಪ್ಪಲಿಲ್ಲ. ಹೊಸ ಠಾಣೆಗೆ ಬಂದ ಜವಾನನಿಗಾಗಲಿ, ಯಾತ್ರಿಕನಿಗಾಗಲಿ ಭೇದಿ ಹತ್ತುವುದು ಮಲದ ಅಂಶ ನೀರು, ಅನ್ನ, ಕೈಗಳ ಮೂಲಕ ಬಾಯಿಗೆ ಸೇರುವುದರಿಂದ. ಹೆಚ್ಚಿನ ಸಲ ಅದರ ಹಿಂದೆ ಇರುವುದು ವಿಷ ಸ್ರವಿಸುವ ಇ. ಕೋಲೈ ಎಂಬ ಬ್ಯಾಕ್ಟೀರಿಯಾ.

ಆ ಮೊದಲ ವರ್ಷ ನಾನು ಸೋತದ್ದು ನೀರಿನ ರೋಗಾಣು ಕೊಲ್ಲಲು ಹಾಕಿದ ಬ್ಲೀಚಿಂಗ್ ಪುಡಿಯಿಂದ. ತಾಜಾ ಪುಡಿಯಲ್ಲಿ ಶೇಕಡಾ 33ರಷ್ಟು ಕ್ಲೋರಿನ್ ಇರುತ್ತದೆ, ಆದರೆ ನಾನು ಕೊಂಡ ಚೀಲ ಮಳೆಗಾಳಿಗೆ ತೇವ ಹಿಡಿದು ಸತ್ವ ಕಳೆದುಕೊಂಡಿತ್ತು. ಎರಡನೆಯ ವರ್ಷ ಮೂವತ್ತು ಸಾವಿರ ರೂಪಾಯಿ ಸುರಿದು ಕ್ಯಾನ್ ನೀರು ತರಿಸಿದೆವು; ಆ ನೀರನ್ನು ಸ್ಟೀಲ್ ಡ್ರಮ್ಮಿಗೆ ಸುರಿದು ಎಲ್ಲರೂ ತಂಬಿಗೆ ಅದ್ದಿ ಮೊಗೆದರೆ ಏನು ಫಲ? ಆಗಲೂ ಇಪ್ಪತ್ತೈದು ಜನ ಬಿದ್ದರು.

ಮೂರನೆಯ ವರ್ಷ, ಯಾವ ನೀರಿಗೆ ಎಷ್ಟು ಬ್ಲೀಚಿಂಗ್ ಪುಡಿ ಬೇಕೆಂದು ಅಳೆಯುವ ಹಾರಕ್ಸ್ ಪೆಟ್ಟಿಗೆ ತಂದೆ. ಆರು ಬಿಳಿ ಬಟ್ಟಲುಗಳ ನೀರಿಗೆ ಪುಡಿಯ ದ್ರಾವಣವನ್ನು ಒಂದಕ್ಕಿಂತ ಒಂದಕ್ಕೆ ಹೆಚ್ಚಿಸುತ್ತ ಹಾಕಿ, ಆಮೇಲೆ ಬಣ್ಣ ತೋರಿಸುವ ದ್ರಾವಣ ಬೆರೆಸಬೇಕು; ಸಾಲಿನಲ್ಲಿ ಮೊದಲು ನೀಲಿ ತಿರುಗಿದ್ದು ಮೂರನೆಯದಾದರೆ 455 ಲೀಟರಿಗೆ 6 ಗ್ರಾಂ ಪುಡಿ. ಜೇಜುರಿಯ ಟ್ಯಾಂಕರಿಗೆ ಎರಡನೆಯ ಬಟ್ಟಲು ಸಾಕಾಯಿತು. ಫಲಟಣದ ಬಾವಿಯ ನೀರಿಗೆ ಐದನೆಯದು ಬೇಕಾಯಿತು. ಕಣ್ಣಳತೆಯಲ್ಲಿ ಹಾಕುವವನಿಗೆ ಈ ಅಂತರ ಹೇಗೆ ತಿಳಿಯಬೇಕು? ನೀರು ಶುದ್ಧವಾಯಿತು, ಆದರೂ ಹದಿನಾಲ್ಕು ಜನ ಮಲಗಿದರು.

ಆಗ ಯಾರು ಯಾವ ಹೊತ್ತಿಗೆ ಏನು ತಿಂದರು, ಯಾವಾಗ ಬಿದ್ದರು ಎಂದು ನೋಟುಪುಸ್ತಕದಲ್ಲಿ ಬರೆದಿಟ್ಟೆ. ಉಂಡ ನಾಲ್ಕೈದು ತಾಸಿನಲ್ಲೇ ವಾಂತಿಯಾದವರು ಹಿಂದಿನ ರಾತ್ರಿ ಅರೆದಿಟ್ಟ ಶೇಂಗಾ ಚಟ್ನಿ ತಿಂದವರು; ಉಳಿದವರು ಒಂದೊಂದು ದಿನದ ಅಂತರದಲ್ಲಿ, ಒಂದೇ ಡೇರೆಯವರು. ಎರಡನೆಯ ಗುಂಪಿನದು ಒಬ್ಬರಿಂದ ಒಬ್ಬರಿಗೆ ಹರಡಿ ವಾಂತಿಭೇದಿ ತರುವ ನೊರೊವೈರಸ್ ಎಂದೇ ನನ್ನ ಊಹೆ, ಏಕೆಂದರೆ ನಾಲ್ಕು ಸಾವಿರ ರೂಪಾಯಿಯ ಸ್ಯಾನಿಟೈಸರ್ ಹಂಚಿದ್ದೆವು, ಅದಕ್ಕೆ ಈ ವೈರಸ್ ಸುಲಭವಾಗಿ ಬಗ್ಗುವುದಿಲ್ಲ. ಸೋಪು ಹಚ್ಚಿ ಉಜ್ಜಿ ತೊಳೆಯಲೇಬೇಕು.

ನಡುವೆ ತಾಮ್ರದ ಹಂಡೆಗಳನ್ನೂ ಪರೀಕ್ಷಿಸಿದೆ. ರಾತ್ರಿಯಿಡೀ ನಿಂತ ನೀರಿಗೆ ಅದು ನೆರವಾಗುತ್ತದೆ, ಆದರೆ ನಸುಕಿನಲ್ಲೇ ಹೊರಡುವ 110 ಜನರಿಗೆ ಹಂಡೆ ಹೊರುವವರು ಯಾರು?

ಈ ವರ್ಷ ಡ್ರಮ್ಮಿಗೆ ನಲ್ಲಿ ಕೂರಿಸಿ ಮುಚ್ಚಳಕ್ಕೆ ಬೀಗ ಹಾಕಿದೆ, ಪುಡಿ ಹಾಕಿ ಅರ್ಧ ಗಂಟೆ ಕಳೆಯದೆ ನಲ್ಲಿ ಬಿಡಲಿಲ್ಲ, ತಣ್ಣನೆಯ ಚಟ್ನಿ ನಿಲ್ಲಿಸಿದೆ, ಭೇದಿಯಿದ್ದವರನ್ನು ಬಡಿಸುವ ಸಾಲಿನಿಂದ ದೂರವಿಟ್ಟೆ. ಕ್ಲೋರಿನ್ ವಾಸನೆ ಹೋಗಲು ಮಾಡುವ ಉಪಾಯವೊಂದಿದೆ, ಅದು ಸದ್ಯಕ್ಕೆ ನಮ್ಮ ದಿಂಡಿಯೊಳಗೇ ಇರಲಿ. ಪುಡಿ, ನಲ್ಲಿ, ಸೋಪು ಸೇರಿ ಖರ್ಚು ಆರು ಸಾವಿರ ದಾಟಲಿಲ್ಲ. ಬಿದ್ದ ಇಬ್ಬರೂ ವೇಳಾಪುರದಲ್ಲಿ ಐಸ್ ಹಾಕಿದ ಕಬ್ಬಿನ ಹಾಲು ಕುಡಿದಿದ್ದರು. ಓಆರ್‌ಎಸ್ ಕುಡಿಸಿ, ಪಂಢರಪುರಕ್ಕೆ ಮುಂಚಿನ ಕೊನೆಯ ತಂಗುದಾಣವಾದ ವಾಖರಿಗೆ ನಡೆಸಿಯೇ ತಂದೆ. ಅಲ್ಲಿ ಪಕ್ಕದ ದಿಂಡಿಯ ಮರಾಠಿ ಅಡುಗೆಯವರು ಬಂದು, ಬಟ್ಟಲುಗಳು ನೀಲಿ ತಿರುಗುವುದನ್ನು ಅರ್ಧ ಗಂಟೆ ಕುಳಿತು ನೋಡಿ ಹೋದರು.