ಬೇರೆ ಎಂಜಿನ್‌ಗೆ ಹಳೆಯ ನಾಲ್ಕು ಬ್ಯಾರೆಲ್ ಕಾರ್ಬುರೇಟರ್: ಚಿಕ್ಕಮಗಳೂರಿನ ಎತ್ತರದಲ್ಲಿ ಟ್ಯೂನಿಂಗ್

ಚಿಕ್ಕಮಗಳೂರು, ಹಾಸನ ಕಡೆಯ ತೋಟದ ಶೆಡ್ಡುಗಳಲ್ಲಿ ಹಳೆಯ ಅಮೆರಿಕನ್ ವಿ8 ಕಾರನ್ನು ಮತ್ತೆ ರಸ್ತೆಗಿಳಿಸಲು ಹೊರಟವರು, 350 ಘನ ಇಂಚಿನ ಎಂಜಿನ್‌ನಿಂದ ಬಿಚ್ಚಿದ ಹೋಲಿ 4160 ಕಾರ್ಬುರೇಟರನ್ನು (ಗಾಳಿಗೆ ಪೆಟ್ರೋಲ್ ಬೆರೆಸಿ ನಾಲ್ಕು ಕೊಳವೆಗಳ, ಅಂದರೆ ಬ್ಯಾರೆಲ್‌ಗಳ, ಮೂಲಕ ಎಂಜಿನ್‌ಗೆ ಕಳಿಸುವ ಸಾಧನ) 305 ಘನ ಇಂಚಿನ ಎಂಜಿನ್‌ಗೆ ಕೂರಿಸುವಾಗ ಮೊದಲು ಕೇಳುವುದು ಜೆಟ್ (ಪೆಟ್ರೋಲ್ ಹಾಯುವ ಅಳತೆಯ ತೂತಿನ ತಿರುಪು) ನಂಬರನ್ನು. ಆ ಪ್ರಶ್ನೆ ಕೊನೆಗೆ ಬರಬೇಕಾದದ್ದು.

ಗಾತ್ರದ ಚಿಂತೆಯನ್ನು ಬೇಗ ಮುಗಿಸಬಹುದು. ಎಂಜಿನ್ನಿನ ಘನ ಇಂಚನ್ನು ಗರಿಷ್ಠ ಆರ್‌ಪಿಎಂನಿಂದ ಗುಣಿಸಿ 3456ರಿಂದ ಭಾಗಿಸಿದರೆ, 305ರ ಎಂಜಿನ್‌ಗೆ 5000 ಆರ್‌ಪಿಎಂನಲ್ಲಿ ಸುಮಾರು 441 ಸಿಎಫ್‌ಎಂ (ನಿಮಿಷಕ್ಕೆ ಘನ ಅಡಿ) ಗಾಳಿ ಬೇಕೆಂದು ತಿಳಿಯುತ್ತದೆ; ವಾಸ್ತವದಲ್ಲಿ ಅದು ಎಳೆದುಕೊಳ್ಳುವುದು ಇನ್ನೂ ಕಡಿಮೆ. ಆದರೂ 600 ಸಿಎಫ್‌ಎಂನ 4160 ಕಾರ್ಬುರೇಟರ್ ಇದಕ್ಕೆ ಹೊಂದುತ್ತದೆ, ಏಕೆಂದರೆ ವ್ಯಾಕ್ಯೂಮ್‌ನಿಂದ, ಅಂದರೆ ಗಾಳಿಯ ಸೆಳೆತದಿಂದ, ತೆರೆಯುವ ಹಿಂದಿನ ಎರಡು ಬ್ಯಾರೆಲ್‌ಗಳು ಎಂಜಿನ್ ಕೇಳಿದಷ್ಟೇ ತೆರೆದುಕೊಳ್ಳುತ್ತವೆ.

ಇಗ್ನಿಷನ್ ಟೈಮಿಂಗ್ ಸರಿಯಾಗಿದೆ, ಮ್ಯಾನಿಫೋಲ್ಡ್ ಗ್ಯಾಸ್ಕೆಟ್‌ನಲ್ಲಿ ಗಾಳಿ ಸೋರುತ್ತಿಲ್ಲ ಎಂಬುದು ಖಚಿತವಾಗುವವರೆಗೆ ಕಾರ್ಬುರೇಟರ್‌ನ ಯಾವ ಸ್ಕ್ರೂವನ್ನೂ ಮುಟ್ಟಬಾರದು. ಹಳೆಯ ಡಯಾಫ್ರಾಮ್ ಮತ್ತು ಗ್ಯಾಸ್ಕೆಟ್‌ಗಳನ್ನು ಎಥನಾಲ್ ತಾಳುವ ಹೊಸ ಕಿಟ್‌ನಿಂದ ಬದಲಿಸಿ, ಪೆಟ್ರೋಲ್ ಒತ್ತಡವನ್ನು 5ರಿಂದ 7 ಪಿಎಸ್‌ಐ ಒಳಗಿಡಬೇಕು. ಕಾರನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಕಾರ್ಬುರೇಟರಿನಲ್ಲಿ ಪೆಟ್ರೋಲ್ ನಿಲ್ಲುವ ಬೌಲಿನ ಪಕ್ಕದ ತಿರುಪನ್ನು ತೆಗೆದಾಗ, ಪೆಟ್ರೋಲ್ ರಂಧ್ರದ ಕೆಳ ಅಂಚನ್ನು ಮುಟ್ಟಿಯೂ ಹೊರಗೆ ಹರಿಯದಂತಿದ್ದರೆ ಫ್ಲೋಟ್ (ಬೌಲಿನ ಪೆಟ್ರೋಲ್ ಮಟ್ಟ ಕಾಯುವ ತೇಲು) ಮಟ್ಟ ಸರಿ. ಬೀಡಿ ಸೇದುವವರನ್ನು ಆ ಹೊತ್ತಿಗೆ ಶೆಡ್ಡಿನಿಂದ ಆಚೆ ಕಳಿಸುವುದು ಲೇಸು.

ಹೆಚ್ಚಿನವರು ತೊಡಕಿಗೆ ಸಿಲುಕುವುದು ಐಡ್ಲಿಂಗ್‌ನಲ್ಲಿ, ಅಂದರೆ ಆಕ್ಸಿಲರೇಟರ್ ಒತ್ತದೆ ಎಂಜಿನ್ ಓಡುವಾಗ. ಹಿಂದಿನ ಎಂಜಿನ್‌ಗೆಂದು ಯಾರೋ ತಿರುಗಿಸಿಟ್ಟ ಐಡಲ್ ಸ್ಪೀಡ್ ಸ್ಕ್ರೂನಿಂದಾಗಿ, ಗಾಳಿಯ ದಾರಿ ತೆರೆದು ಮುಚ್ಚುವ ಥ್ರಾಟಲ್ ತಟ್ಟೆಗಳು ಬೇಕಾದುದಕ್ಕಿಂತ ಹೆಚ್ಚು ತೆರೆದೇ ಇರುತ್ತವೆ. ಕಾರ್ಬುರೇಟರನ್ನು ತಲೆಕೆಳಗಾಗಿ ಹಿಡಿದು ಮುಂದಿನ ತಟ್ಟೆಯ ಅಂಚನ್ನು ನೋಡಿದರೆ ಬ್ಯಾರೆಲಿನ ಗೋಡೆಯಲ್ಲಿ ಒಂದು ಸಣ್ಣ ಸೀಳು ಕಾಣುತ್ತದೆ. ಅದರಲ್ಲಿ ಹೊರಗೆ ಕಾಣುವ ಭಾಗ ಪುಟ್ಟ ಚೌಕದಷ್ಟು, ಅಂದರೆ ಅರ್ಧದಿಂದ ಒಂದು ಮಿಲಿಮೀಟರ್ ಮಾತ್ರ ಇರಬೇಕು. ಅದಕ್ಕಿಂತ ಉದ್ದಕ್ಕೆ ಕಂಡರೆ ಪೆಟ್ರೋಲ್ ಆ ಸೀಳಿನಿಂದಲೇ ಇಳಿಯುತ್ತದೆ, ಐಡ್ಲಿಂಗಿನ ಮಿಶ್ರಣ ಹೊಂದಿಸುವ ಮಿಕ್ಸ್ಚರ್ ಸ್ಕ್ರೂ ಎಷ್ಟು ತಿರುಗಿಸಿದರೂ ಎಂಜಿನ್ ಕಿವಿಗೊಡುವುದಿಲ್ಲ. ಇದನ್ನು ಸರಿಪಡಿಸಿ, ಎರಡೂ ಮಿಕ್ಸ್ಚರ್ ಸ್ಕ್ರೂಗಳನ್ನು ಹಗುರವಾಗಿ ಮುಚ್ಚಿ ಒಂದೂವರೆ ಸುತ್ತು ಬಿಚ್ಚಿ, ಎಂಜಿನ್ ಬಿಸಿಯಾದ ಮೇಲೆ ಮ್ಯಾನಿಫೋಲ್ಡಿಗೆ ಜೋಡಿಸಿದ ವ್ಯಾಕ್ಯೂಮ್ ಗೇಜಿನ ಮುಳ್ಳು ಅತಿ ಹೆಚ್ಚು ವ್ಯಾಕ್ಯೂಮ್ ತೋರಿಸುವವರೆಗೆ ಕಾಲು ಕಾಲು ಸುತ್ತಿನಂತೆ ಎರಡನ್ನೂ ಸಮವಾಗಿ ತಿರುಗಿಸಬೇಕು.

ಮುಳ್ಳು ತೋರಿಸುವ ಅಂಕಿಯನ್ನು ಊರಿನ ಎತ್ತರದೊಂದಿಗೆ ಓದಿಕೊಳ್ಳಬೇಕು. ಪ್ರತಿ ಸಾವಿರ ಅಡಿಗೆ ಸುಮಾರು ಒಂದು ಇಂಚು (ಪಾದರಸದ ಅಳತೆ) ವ್ಯಾಕ್ಯೂಮ್ ಇಳಿಯುವುದರಿಂದ, ಮಂಗಳೂರಿನಲ್ಲಿ 18 ಇಂಚು ತೋರಿಸಿದ ಎಂಜಿನ್ ಸುಮಾರು 3,500 ಅಡಿಯ ಚಿಕ್ಕಮಗಳೂರಿನಲ್ಲಿ 14ರಿಂದ 15 ತೋರಿಸಿದರೆ ಅದು ರೋಗವಲ್ಲ. ಭಾರ ಬಿದ್ದು ವ್ಯಾಕ್ಯೂಮ್ ಕುಸಿದಾಗ ಹೆಚ್ಚುವರಿ ಪೆಟ್ರೋಲ್ ಬಿಡುವ ಪವರ್ ವಾಲ್ವ್ ಆರಿಸಲು ಮಾತ್ರ ಇಲ್ಲಿಯ ಅಂಕಿಯನ್ನೇ ಬಳಸಬೇಕು: ಐಡ್ಲಿಂಗ್ ವ್ಯಾಕ್ಯೂಮ್ 12ಕ್ಕಿಂತ ಮೇಲಿದ್ದರೆ 65 ಎಂದು ಮುದ್ರಿಸಿದ 6.5ರ ವಾಲ್ವ್ ಸಾಕು, ಕೆಳಗಿದ್ದರೆ ಆ ಐಡ್ಲಿಂಗ್ ವ್ಯಾಕ್ಯೂಮಿನ ಅರ್ಧದಷ್ಟರ ವಾಲ್ವ್ ಹಾಕಬೇಕು. ಎರಡೂ ಮಿಕ್ಸ್ಚರ್ ಸ್ಕ್ರೂಗಳನ್ನು ಪೂರ್ತಿ ಮುಚ್ಚಿದರೂ ಎಂಜಿನ್ ಓಡುತ್ತಲೇ ಇದ್ದು, ಸೀಳಿನ ಅಳತೆಯೂ ಸರಿಯಿದ್ದರೆ, ಹಳೆಯ ಪವರ್ ವಾಲ್ವಿನ ಡಯಾಫ್ರಾಮ್ ಹರಿದಿದೆ ಎಂದು ಶಂಕಿಸಬೇಕು.

ಇನ್ನು ಜೆಟ್. ಪ್ರತಿ 2,000 ಅಡಿಗೆ ಒಂದು ಸೈಜು ಇಳಿಸಬೇಕೆಂಬ ಹಳೆಯ ಲೆಕ್ಕದಂತೆ ಇಲ್ಲಿಗೆ ಹೆಚ್ಚು ಕಡಿಮೆ ಎರಡು ಸೈಜು ಇಳಿಯಬೇಕಿತ್ತು. ಆದರೆ ಆ ಲೆಕ್ಕ ಬರೀ ಪೆಟ್ರೋಲಿನದು. ಈಗ ಬಂಕುಗಳಲ್ಲಿ ಸಿಗುವ ಇ20 (ಶೇ. 20 ಎಥನಾಲ್ ಬೆರೆತ ಪೆಟ್ರೋಲ್) ಅಷ್ಟೇ ಗಾಳಿಗೆ ಹೆಚ್ಚು ಇಂಧನ ಬೇಡುತ್ತದೆ. ತೆಳುವಾದ ಗಾಳಿ ಮಿಶ್ರಣವನ್ನು ರಿಚ್ (ಇಂಧನ ಹೆಚ್ಚು) ಮಾಡಿದರೆ ಎಥನಾಲ್ ಅದನ್ನು ಲೀನ್ (ಇಂಧನ ಕಡಿಮೆ) ಮಾಡುತ್ತದೆ, ಹಾಗಾಗಿ ನನ್ನ ಮಟ್ಟಿಗೆ ಮೂಲ ಜೆಟ್ಟಿನಿಂದಲೇ ಶುರುಮಾಡುವುದು ಜಾಣತನ. ಎಂಜಿನ್ ಚಿಕ್ಕದೆಂದು ಜೆಟ್ ಚಿಕ್ಕದು ಮಾಡುವ ಅಗತ್ಯವೂ ಇಲ್ಲ, ಏಕೆಂದರೆ ವೆಂಚುರಿಯಲ್ಲಿ (ಬ್ಯಾರೆಲಿನ ಕಿರಿದಾದ ಕುತ್ತಿಗೆ) ಹಾಯುವ ಗಾಳಿ ಕಡಿಮೆಯಾದಂತೆ ಪೆಟ್ರೋಲೂ ತಾನಾಗಿ ಕಡಿಮೆಯಾಗುತ್ತದೆ.

ರೇಸ್ ಕೊಟ್ಟ ತಕ್ಷಣ ಎಂಜಿನ್ ಮುಗ್ಗರಿಸಿದರೆ ದೋಷವನ್ನು ಜೆಟ್ಟಿನ ತಲೆಗೆ ಕಟ್ಟದೆ ಆಕ್ಸಿಲರೇಟರ್ ಪಂಪನ್ನು ನೋಡಬೇಕು: ಎಂಜಿನ್ ಆರಿಸಿ ಥ್ರಾಟಲ್ ಲಿವರನ್ನು ಕೊಂಚವೇ ಅಲುಗಿಸಿದಾಗಲೂ ಪೆಟ್ರೋಲ್ ಚಿಮ್ಮಬೇಕು, ಪೂರ್ತಿ ತೆರೆದಾಗ ಪಂಪ್ ಲಿವರಿಗೆ ಇನ್ನೂ 0.015 ಇಂಚು ಒತ್ತುವ ಅವಕಾಶ ಉಳಿದಿರಬೇಕು.

ರಸ್ತೆ ಪರೀಕ್ಷೆಗೆ ಕೈಮರದಿಂದ ಮುಳ್ಳಯ್ಯನಗಿರಿಯ ಏರು ಸಾಲದು. ಅಲ್ಲಿ ಗಾಳಿ ಇನ್ನೂ ತೆಳುವಾಗುವುದರಿಂದ ಲೀನ್ ದೋಷ ಮುಚ್ಚಿಹೋಗುತ್ತದೆ. ಚಾರ್ಮಾಡಿ ಇಳಿದು ಉಜಿರೆಯ ಕಡೆಗೆ ಹೋಗಿ, ಸಮತಟ್ಟಾದ ರಸ್ತೆಯಲ್ಲಿ ಭಾರ ಹಾಕಿ ಓಡಿಸಿದಾಗ ಎಂಜಿನ್ ಕಟಕಟ ಎಂದರೆ, ಇಲ್ಲವೇ ಪ್ಲಗ್ಗಿನ ಪಿಂಗಾಣಿ ಸುಣ್ಣದಂತೆ ಬಿಳುಪಾಗಿದ್ದರೆ, ಮುಂದಿನ ಎರಡು ಬ್ಯಾರೆಲ್‌ಗಳ ಜೆಟ್ಟನ್ನು ಒಂದು ಸೈಜು ಏರಿಸಬೇಕು.