ನ್ಯೂಯಾರ್ಕಲ್ಲಿ ಕೆಲಸ, ಜೆರ್ಸಿಯಲ್ಲಿ ಮನೆ, ಜೊತೆಗೊಂದು ಕಾರು: ಹೊಸಬರಿಗೆ ಮಾರ್ಗದರ್ಶಿ

ನ್ಯೂಯಾರ್ಕ್ ಕಡೆ ಕೆಲಸ ಸಿಕ್ಕಿದ ಕೂಡಲೇ ನಮ್ಮವರು ಕೇಳುವುದು ಎರಡೇ ಪ್ರಶ್ನೆ. ಬಾಡಿಗೆ ಎಷ್ಟಾಗುತ್ತೆ? ಇಂಡಿಯನ್ ಅಂಗಡಿ ಎಷ್ಟು ಹತ್ತಿರ? ಎರಡೂ ಬೇಕಾದ ಪ್ರಶ್ನೆಗಳೇ. ಆದರೆ ಅವಕ್ಕೂ ಮೊದಲು ಇನ್ನೊಂದನ್ನು ಕೇಳಿಕೊಳ್ಳಿ. ಹಗಲು ಹೊತ್ತು ನಿಮ್ಮ ಕಾರು ಎಲ್ಲಿರುತ್ತೆ, ಯಾರ ಕೈಯಲ್ಲಿರುತ್ತೆ?

ಇಲ್ಲಿಗೆ, ಅಂದರೆ ನ್ಯೂಯಾರ್ಕ್ ಪಕ್ಕದ ನ್ಯೂಜೆರ್ಸಿ ರಾಜ್ಯಕ್ಕೆ (ನಮ್ಮ ಬಾಯಲ್ಲಿ ಬರೀ ಜೆರ್ಸಿ), ಬರುವ ಎಷ್ಟೋ ಕನ್ನಡ ಕುಟುಂಬಗಳ ಪರಿಸ್ಥಿತಿ ಹೆಚ್ಚುಕಮ್ಮಿ ಒಂದೇ. ಒಬ್ಬರಿಗೆ ಮ್ಯಾನ್‌ಹಟನ್‌ನಲ್ಲಿ ಆಫೀಸು. ಇನ್ನೊಬ್ಬರು ಸಂಗಾತಿಗೆ ಅಂತ ಕೊಡುವ ಎಚ್-4 ವೀಸಾದಲ್ಲಿ ಬಂದಿರುತ್ತಾರೆ, ಕೆಲಸ ಮಾಡಲು ಇನ್ನೂ ಅನುಮತಿ ಇರುವುದಿಲ್ಲ. ಒಂದು ಚಿಕ್ಕ ಮಗು, ಒಂದೇ ಕಾರು. ಸ್ಟೇಷನ್‌ನಿಂದ ಐದಾರು ಮೈಲಿ ದೂರದಲ್ಲಿ ಬಾಡಿಗೆ ಸ್ವಲ್ಪ ಕಡಿಮೆ ಅಂತ ಅಲ್ಲಿ ಮನೆ ಹಿಡಿಯುತ್ತಾರೆ. ಬೆಳಿಗ್ಗೆ ಏಳಕ್ಕೆ ಕಾರು ಸ್ಟೇಷನ್‌ಗೆ ಹೋಯಿತೆಂದರೆ ಸಂಜೆ ಏಳರವರೆಗೂ ಅಲ್ಲೇ ನಿಂತಿರುತ್ತೆ. ಮನೆಯಲ್ಲಿರುವವರಿಗೆ ಕಾರೂ ಇಲ್ಲ, ಬಸ್ಸೂ ಇಲ್ಲ. ಎಷ್ಟೋ ಕಡೆ ನಡೆಯಲು ಫುಟ್‌ಪಾತೂ ಇರುವುದಿಲ್ಲ. ಹಾಲು ಮುಗಿದರೆ ಸಂಜೆವರೆಗೆ ಕಾಯಬೇಕು. ಮಗುವಿಗೆ ಜ್ವರ, ಬಂದು ಕರೆದುಕೊಂಡು ಹೋಗಿ ಅಂತ ಸ್ಕೂಲಿನಿಂದ ಫೋನ್ ಬಂದರೆ ಪಕ್ಕದ ಮನೆಯವರ ಬಾಗಿಲು ತಟ್ಟಬೇಕು. ಇದೆಲ್ಲ ಜನವರಿಯ ಚಳಿಯಲ್ಲಿ, ನಾಲ್ಕೂಮುಕ್ಕಾಲು ಐದಕ್ಕೇ ಕತ್ತಲಾಗುವ ದಿನಗಳಲ್ಲಿ. ಮೊದಲ ಚಳಿಗಾಲದಲ್ಲೇ "ವಾಪಸ್ ಬೆಂಗಳೂರಿಗೆ ಹೋಗಿಬಿಡೋಣ" ಅಂದವರನ್ನು ನಾನು ನೋಡಿದ್ದೇನೆ. ಅವರಿಗೆ ಅಮೆರಿಕ ಬೇಡವಾಗಿರಲಿಲ್ಲ. ದಿನವಿಡೀ ನಾಲ್ಕು ಗೋಡೆ ನಡುವೆ ಕೂತಿರುವುದು ಸಾಕಾಗಿತ್ತು, ಅಷ್ಟೇ.

ಅದಕ್ಕೇ ನನ್ನ ಸಲಹೆ ಇಷ್ಟು. ಆಫೀಸಿಗೆ ಹೋಗುವವರು ಸ್ಟೇಷನ್‌ಗೆ ನಡೆದು ಹೋಗುವಂತಿರಲಿ, ಕಾರು ಮನೆಯಲ್ಲಿ ಉಳಿಯಲಿ. ಅದಕ್ಕಾಗಿ ಬಾಡಿಗೆ ಸ್ವಲ್ಪ ಜಾಸ್ತಿಯಾದರೂ ಕೊಡಿ, ಮನೆ ಒಂದು ರೂಮು ಚಿಕ್ಕದಾದರೂ ಪರವಾಗಿಲ್ಲ.

ಆಫೀಸಿಗೇ ಕಾರಲ್ಲಿ ಹೋಗಬಹುದಲ್ವಾ ಅಂತ ಕೆಲವರು ಕೇಳುತ್ತಾರೆ. ಬೇಡ. ಜೆರ್ಸಿಯಿಂದ ಹಡ್ಸನ್ ನದಿಯ ಕೆಳಗೆ ಹೋಗುವ ಹಾಲೆಂಡ್ ಅಥವಾ ಲಿಂಕನ್ ಟನಲ್‌ನಲ್ಲಿ ನ್ಯೂಯಾರ್ಕ್ ಕಡೆಗೆ ಹೋಗುವಾಗ, ಗಾಡಿಗಳು ಜಾಸ್ತಿ ಇರುವ ಹೊತ್ತಿನಲ್ಲಿ, ಈಝೀ-ಪಾಸ್ (ನಮ್ಮ ಫಾಸ್ಟ್ಯಾಗ್ ಥರದ್ದು) ಇದ್ದರೂ ಟೋಲು 16 ಡಾಲರ್ ದಾಟಿದೆ. 2025ರ ಜನವರಿ 5ರಿಂದ ಮ್ಯಾನ್‌ಹಟನ್‌ನ 60ನೇ ಬೀದಿಯಿಂದ ಕೆಳಗೆ ಹೋದರೆ ಹಗಲಲ್ಲಿ ಇನ್ನೂ 9 ಡಾಲರ್ ಕಟ್ಟಬೇಕು. ಟನಲ್‌ನಲ್ಲಿ ಬಂದವರಿಗೆ ಅದರಲ್ಲಿ 3 ಡಾಲರ್ ಬಿಡುತ್ತಾರೆ, ಅಷ್ಟೇ. ಅಲ್ಲಿ ಪಾರ್ಕಿಂಗ್‌ಗೆ ಕೊಡುವ ದುಡ್ಡು ಇವೆಲ್ಲವನ್ನೂ ಮೀರಿಸುತ್ತೆ. ಬೇಕಿದ್ದರೆ ಭಾನುವಾರ ಮಕ್ಕಳಿಗೆ ಊರು ತೋರಿಸಲು ಒಮ್ಮೆ ಹೋಗಿಬನ್ನಿ. ದಿನಾ ಬೇಡ.

ಹಾಗಾದರೆ ಮನೆ ಎಲ್ಲಿ ಹುಡುಕಬೇಕು? ಎಲ್ಲರ ಬಾಯಲ್ಲೂ ಇರುವ ಹೆಸರು ಎಡಿಸನ್. ಓಕ್ ಟ್ರೀ ರೋಡಿನಲ್ಲಿ ಎಡಿಸನ್‌ನಿಂದ ಐಸ್‌ಲಿನ್‌ವರೆಗೆ ನಮ್ಮ ಅಂಗಡಿಗಳೇ. ತೊಗರಿಬೇಳೆ, ಕರಿಬೇವು, ಚಿನ್ನ, ಸೀರೆ, ಏನು ಬೇಕಾದರೂ ಸಿಗುತ್ತೆ. ಆದರೆ ಎಡಿಸನ್ ಅಂದರೆ ಒಂದು ಪೇಟೆಯಲ್ಲ. ಮೈಲಿಗಟ್ಟಲೆ ಹರಡಿಕೊಂಡಿರುವ ಟೌನ್‌ಶಿಪ್ ಅದು. ವಿಳಾಸದಲ್ಲಿ ಎಡಿಸನ್ ಅಂತಿದ್ದರೂ ರೈಲ್ವೆ ಸ್ಟೇಷನ್ ನಾಲ್ಕೈದು ಮೈಲಿ ದೂರ ಇರಬಹುದು. ಹತ್ತಿರದ ಮೆಟ್ರೋಪಾರ್ಕ್ ಸ್ಟೇಷನ್‌ನಲ್ಲಿ ದೊಡ್ಡ ಪಾರ್ಕಿಂಗ್ ಕಟ್ಟಡ ಇದೆ ನಿಜ. ಆದರೆ ಅಲ್ಲಿ ನಿಲ್ಲಿಸಿದರೆ ಕಾರು ಮನೆಯಲ್ಲಿರುವವರಿಗೆ ಸಿಗುವುದಿಲ್ಲ. ಮನೆಯಲ್ಲಿ ಎರಡು ಕಾರು ಇರುವವರಿಗೆ ಎಡಿಸನ್ ಒಳ್ಳೆಯ ಊರು. ಒಂದೇ ಕಾರಿನ ಹೊಸಬರು ಅದರ ಆಚೀಚೆ ನೋಡುವುದು ಒಳ್ಳೆಯದು.

ಪಕ್ಕದ ಮೆಟಚನ್ ನನಗೆ ತುಂಬ ಇಷ್ಟ. ಊರು ಪುಟ್ಟದು, ಸ್ಟೇಷನ್ ನಡುಮಧ್ಯೆ, ಸುತ್ತ ಅಪಾರ್ಟ್‌ಮೆಂಟು, ಲೈಬ್ರರಿ, ಕಾಫಿ ಅಂಗಡಿ. ನಡೆದೇ ಎಲ್ಲ ಕಡೆ ಹೋಗಬಹುದು. ಓಕ್ ಟ್ರೀ ರೋಡಿಗೆ ಕಾರಲ್ಲಿ ಹತ್ತು ನಿಮಿಷ. ನ್ಯೂಯಾರ್ಕ್ ಪೆನ್ ಸ್ಟೇಷನ್‌ಗೆ ರೈಲಿನಲ್ಲಿ ಸುಮಾರು ಮುಕ್ಕಾಲು ಗಂಟೆಯಿಂದ ಒಂದು ಗಂಟೆ. ಬಾಡಿಗೆ ಮನೆಗಳು ಕಡಿಮೆ, ಅದಕ್ಕೇ ಬೇಗ ಕೈತಪ್ಪುತ್ತವೆ. ಅದೇ ನಾರ್ತ್‌ಈಸ್ಟ್ ಕಾರಿಡಾರ್ ಲೈನಿನಲ್ಲಿ ರಾವೇ, ನ್ಯೂ ಬ್ರನ್ಸ್‌ವಿಕ್ ಇವೆ. ಎರಡೂ ಕಡೆ ಸ್ಟೇಷನ್ ಪಕ್ಕದಲ್ಲೇ ಅಪಾರ್ಟ್‌ಮೆಂಟುಗಳಿವೆ. ಇನ್ನೂ ಮುಂದೆ ಪ್ರಿನ್ಸ್‌ಟನ್ ಜಂಕ್ಷನ್. ಅಲ್ಲಿನ ಶಾಲೆಗಳಿಗಾಗಿ ನಮ್ಮವರು ಮುಗಿಬೀಳುತ್ತಾರೆ. ಆದರೆ ಒಂದು ಕಡೆಗೇ ರೈಲಿನಲ್ಲಿ ಒಂದು ಗಂಟೆಗೂ ಜಾಸ್ತಿ ಬೇಕು. ವಾರಕ್ಕೆ ಎರಡು ದಿನ ಆಫೀಸು ಇರುವವರಿಗೆ ಅಡ್ಡಿಯಿಲ್ಲ. ಐದು ದಿನ ಅಂದರೆ ಮಗು ಏಳುವ ಮೊದಲು ಹೊರಟು, ಮಲಗಿದ ಮೇಲೆ ಬರುವ ಬಾಳು ಅದು.

ಸ್ಟೇಷನ್ ಪಾರ್ಕಿಂಗ್ ಬೇಕೇ ಬೇಕು ಅನ್ನುವವರಿಗೆ ಒಂದು ಮಾತು. ಎಷ್ಟೋ ಸ್ಟೇಷನ್‌ಗಳಲ್ಲಿ ಪರ್ಮಿಟ್ ಇಲ್ಲದೆ ದಿನವಿಡೀ ನಿಲ್ಲಿಸಲು ಆಗುವುದಿಲ್ಲ. ಪರ್ಮಿಟ್ ಕೊಡುವುದು ಬಹಳ ಕಡೆ ಆಯಾ ಊರಿನ ಪಾರ್ಕಿಂಗ್ ಇಲಾಖೆ. ಆ ಊರಿನಲ್ಲೇ ಇರುವವರಿಗೆ ಒಂದು ದರ, ಹೊರಗಿನವರಿಗೆ ಇನ್ನೊಂದು. ಕೆಲವು ಕಡೆ ಕಾಯುವ ಪಟ್ಟಿ ಹನುಮಂತನ ಬಾಲದಷ್ಟು ಉದ್ದ. ಮನೆಯ ಅಗ್ರಿಮೆಂಟಿಗೆ ಸಹಿ ಹಾಕುವ ಮೊದಲೇ ಫೋನ್ ಮಾಡಿ ಕೇಳಿ.

ಈಗ ಜೆರ್ಸಿ ಸಿಟಿ. ಮದುವೆಯಾಗದವರಿಗೆ, ಮಕ್ಕಳಿಲ್ಲದ ಜೋಡಿಗೆ ಇದರಷ್ಟು ಅನುಕೂಲದ ಜಾಗ ಇನ್ನೊಂದಿಲ್ಲ. ನದಿ ದಾಟಿ ಮ್ಯಾನ್‌ಹಟನ್‌ಗೆ ಹೋಗುವ ಪಾತ್ ರೈಲು ರಾತ್ರಿಯೂ ಓಡುತ್ತೆ. ಜರ್ನಲ್ ಸ್ಕ್ವೇರ್‌ನಿಂದ ವರ್ಲ್ಡ್ ಟ್ರೇಡ್ ಸೆಂಟರ್ ಕಾಲು ಗಂಟೆಯ ದಾರಿ. ಸ್ಟೇಷನ್ ಪಕ್ಕದ ನೆವಾರ್ಕ್ ಅವೆನ್ಯೂನಲ್ಲಿ ನಮ್ಮ ಅಂಗಡಿ, ಹೋಟೆಲುಗಳ ಇಂಡಿಯಾ ಸ್ಕ್ವೇರ್ ಇದೆ. ರಾತ್ರಿ ತಡವಾಗಿ ಬಂದರೂ ದೋಸೆ ಸಿಗುತ್ತೆ. ಕಷ್ಟ ಇರುವುದು ಕಾರಿಗೆ. ಎತ್ತರದ ಕಟ್ಟಡಗಳಲ್ಲಿ ಪಾರ್ಕಿಂಗ್ ಬಾಡಿಗೆಯಲ್ಲಿ ಸೇರಿರುವುದಿಲ್ಲ. ಅದಕ್ಕೇ ಬೇರೆ ತಿಂಗಳಿಗೆ ನೂರಾರು ಡಾಲರ್. ಹಳೆಯ ಮನೆಗಳಲ್ಲಾದರೆ ರಸ್ತೆಯೇ ಗತಿ.

ರಸ್ತೆ ಪಾರ್ಕಿಂಗ್ ಹೇಗಿರುತ್ತೆ ಅಂತ ಅಲ್ಲಿನ ಒಂದು ಕಂಬದ ಮುಂದೆ ನಿಂತು ನೋಡಿ. ಒಂದೇ ಕಂಬಕ್ಕೆ ಮೂರು ಬೋರ್ಡು. ಮೇಲಿನದು, ಈ ವಲಯದ ಪರ್ಮಿಟ್ ಇಲ್ಲದವರಿಗೆ ಎರಡೇ ಗಂಟೆ ಅನ್ನುತ್ತೆ. ನಡುವಿನದು, ವಾರದ ಇಂಥ ದಿನ ಇಷ್ಟರಿಂದ ಇಷ್ಟು ಹೊತ್ತು ರಸ್ತೆ ಗುಡಿಸುತ್ತಾರೆ, ನಿಲ್ಲಿಸಬೇಡಿ ಅನ್ನುತ್ತೆ. ಕೆಳಗಿನ ಬಾಣದ ಗುರುತು, ಈ ಮಾತು ಕಂಬದ ಯಾವ ಕಡೆಗೆ ಅಂತ ತೋರಿಸುತ್ತೆ. ಎದುರು ಬದಿಯಲ್ಲಿ ದಿನವೂ ಬೇರೆ, ಹೊತ್ತೂ ಬೇರೆ. ಗುಡಿಸುವ ದಿನ ಬೆಳಿಗ್ಗೆ ಬೀದಿಯ ಒಂದು ಬದಿಯವರೆಲ್ಲ ಇಳಿದು ಬಂದು, ಎಂಜಿನ್ ಶುರು ಮಾಡಿ, ಇನ್ನೊಂದು ಬದಿಯಲ್ಲಿ ಜಾಗ ಹುಡುಕುತ್ತಾರೆ. ಆ ದಿನ ಎಂಟು ಗಂಟೆಗೆ ನಿಮಗೆ ಮೀಟಿಂಗ್ ಇದ್ದರೂ ಇಳಿಯಲೇಬೇಕು. ಪರ್ಮಿಟ್ ಸಿಗಬೇಕಾದರೆ ಕಾರಿನ ನೋಂದಣಿ ಆ ವಿಳಾಸಕ್ಕೇ ಇರಬೇಕು. ಮನೆಯಲ್ಲೇ ಇರುವ ಒಬ್ಬರು ಇದನ್ನೆಲ್ಲ ನೋಡಿಕೊಂಡರೆ ನಡೆಯುತ್ತೆ. ಇಬ್ಬರೂ ಕೆಲಸಕ್ಕೆ ಹೋಗುವವರಾದರೆ ಗ್ಯಾರೇಜಿಗೆ ದುಡ್ಡು ಕೊಡಿ, ಇಲ್ಲವೇ ಕಾರನ್ನೇ ಬಿಟ್ಟುಬಿಡಿ. ಪಾತ್ ಲೈನಿನಲ್ಲೇ ಇರುವ ಹ್ಯಾರಿಸನ್‌ನಲ್ಲಿ ಹೊಸ ಅಪಾರ್ಟ್‌ಮೆಂಟುಗಳು ಬಹಳ ಬಂದಿವೆ, ಎಷ್ಟೋ ಕಟ್ಟಡಗಳಿಗೆ ಸ್ವಂತ ಪಾರ್ಕಿಂಗ್ ಇದೆ. ಅದನ್ನೂ ನೋಡಿ.

ನ್ಯೂಯಾರ್ಕ್ ನಗರದ್ದೇ ಭಾಗವಾದ ಕ್ವೀನ್ಸ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಫ್ಲಶಿಂಗ್‌ನ ಗಣೇಶ ದೇವಸ್ಥಾನ, ಅಲ್ಲಿನ ಕ್ಯಾಂಟೀನು, ಸಬ್‌ವೇ ಎಲ್ಲ ಸರಿ. ಆದರೆ ನ್ಯೂಯಾರ್ಕ್ ನಗರದಲ್ಲಿ ನಿವಾಸಿಗಳಿಗೆ ಅಂತ ರಸ್ತೆ ಪರ್ಮಿಟ್ಟೇ ಇಲ್ಲ, ಸಿಕ್ಕವರಿಗೆ ಸೀರುಂಡೆ. ಗುಡಿಸುವ ದಿನ ಕಾರು ತೆಗೆಯದಿದ್ದರೆ ದಂಡ. ದೀಪಾವಳಿ ದಿನವೂ ಈ ನಿಯಮಕ್ಕೆ ರಜೆ, ಅದೊಂದು ಸಂತೋಷದ ಸಂಗತಿ. ಇನ್ನೊಂದು, ನಗರದೊಳಗೆ ವಾಸ ಇದ್ದರೆ ನಗರದ ಆದಾಯ ತೆರಿಗೆ ಬೇರೆ ಕಟ್ಟಬೇಕು. ಜೆರ್ಸಿಯಲ್ಲಿದ್ದು ಅಲ್ಲಿ ಕೆಲಸ ಮಾಡುವವರಿಗೆ ಆ ತೆರಿಗೆ ಇಲ್ಲ, ನ್ಯೂಯಾರ್ಕ್ ರಾಜ್ಯದ ತೆರಿಗೆ ಮಾತ್ರ ತಪ್ಪುವುದಿಲ್ಲ.

ರೈಲನ್ನೇ ನಂಬಿ ಅಂತ ಹೇಳಿದ ಮೇಲೆ ರೈಲಿನ ಕಷ್ಟವನ್ನೂ ಹೇಳಬೇಕು. ಜೆರ್ಸಿಯಿಂದ ಪೆನ್ ಸ್ಟೇಷನ್‌ಗೆ ಹಡ್ಸನ್ ನದಿಯ ಕೆಳಗೆ ಇರುವುದು ಎರಡೇ ಹಳಿಗಳ ಸುರಂಗ. ಅದು ಶುರುವಾದದ್ದು 1910ರಲ್ಲಿ. 2012ರ ಸ್ಯಾಂಡಿ ಚಂಡಮಾರುತದಲ್ಲಿ ಉಪ್ಪುನೀರು ನುಗ್ಗಿ ಒಳಗೆಲ್ಲ ಹಾಳಾಯಿತು. ಹೊಸ ಸುರಂಗದ ಕೆಲಸ ಶುರುವಾಗಿದೆ, ಮುಗಿಯಲು ಇನ್ನೂ ವರ್ಷಗಳು ಬೇಕು. ಒಂದು ಹಳಿಯಲ್ಲಿ ತೊಂದರೆಯಾದರೂ ಸಂಜೆಯ ರೈಲುಗಳೆಲ್ಲ ತಡ. ಅಂಥ ದಿನ ಉಪಯೋಗಕ್ಕೆ ಬರುವುದು ಜೆರ್ಸಿ ಕಡೆಯಲ್ಲೇ ಇರುವ ನೆವಾರ್ಕ್ ಪೆನ್ ಸ್ಟೇಷನ್. ಪಾತ್ ಹಿಡಿದು ನೆವಾರ್ಕ್‌ಗೆ ಬಂದು ಅಲ್ಲಿಂದ ಜೆರ್ಸಿಯ ರೈಲು ಹತ್ತಬಹುದು. ಇಂಥ ದಿನಗಳಲ್ಲಿ ಎಷ್ಟೋ ಸಲ ಜೆರ್ಸಿ ರೈಲಿನ ಟಿಕೆಟನ್ನೇ ಪಾತ್‌ನಲ್ಲೂ ಒಪ್ಪುತ್ತಾರೆ. ಮನೆಯಲ್ಲಿ ಕಾರಿದ್ದರೆ ನೆವಾರ್ಕ್‌ವರೆಗೆ ಯಾರಾದರೂ ಬಂದು ಕರೆದುಕೊಂಡೂ ಹೋಗಬಹುದು.

ಐಟಿಯಲ್ಲಿ ಕಾಂಟ್ರ್ಯಾಕ್ಟ್ ಮೇಲೆ ಇರುವವರು ಇದನ್ನೂ ಯೋಚಿಸಿ. ಇವತ್ತು ಕ್ಲೈಂಟ್ ಮ್ಯಾನ್‌ಹಟನ್‌ನಲ್ಲಿ, ಮುಂದಿನ ವರ್ಷ ಪ್ರಿನ್ಸ್‌ಟನ್‌ನಲ್ಲೋ ಬ್ರಿಡ್ಜ್‌ವಾಟರ್‌ನಲ್ಲೋ ಇರಬಹುದು. ಆಗ ರೈಲಿನಿಂದ ಪ್ರಯೋಜನವಿಲ್ಲ, ಕಾರೇ ಬೇಕು. ಎಡಿಸನ್, ಮೆಟಚನ್ ಸುತ್ತ ಟರ್ನ್‌ಪೈಕ್, ಗಾರ್ಡನ್ ಸ್ಟೇಟ್ ಪಾರ್ಕ್‌ವೇ, 287, ರೂಟ್ 1 ಅನ್ನುವ ದೊಡ್ಡ ರಸ್ತೆಗಳೆಲ್ಲ ಕೂಡುತ್ತವೆ. ನಮ್ಮವರು ಈ ಮಿಡ್ಲ್‌ಸೆಕ್ಸ್ ಕೌಂಟಿಯಲ್ಲೇ ನೆಲೆ ನಿಂತಿರುವುದಕ್ಕೆ ಇದೂ ಒಂದು ಕಾರಣ. ಕೆಲಸ ಬದಲಾದರೂ ಮನೆ ಬದಲಾಯಿಸಬೇಕಿಲ್ಲ, ಮಕ್ಕಳ ಶಾಲೆ ಬಿಡಿಸಬೇಕಿಲ್ಲ. ಶನಿವಾರ ಭಾನುವಾರದ ಬದುಕಿಗೂ ಕಾರು ಬೇಕೇ ಬೇಕು. ಬ್ರಿಡ್ಜ್‌ವಾಟರ್‌ನ ವೆಂಕಟೇಶ್ವರ ದೇವಸ್ಥಾನ, ಎಡಿಸನ್‌ನ ಪುತ್ತಿಗೆ ಮಠದ ಕೃಷ್ಣ ವೃಂದಾವನ, ಬೃಂದಾವನ ಕನ್ನಡ ಸಂಘದ ಯುಗಾದಿ, ರಾಜ್ಯೋತ್ಸವ, ಮಕ್ಕಳ ಕನ್ನಡ ತರಗತಿ, ಯಾವುದಕ್ಕೂ ರೈಲಿನಲ್ಲಿ ಹೋಗಿ ಬರಲು ಆಗುವುದಿಲ್ಲ. ಜನರ ಪರಿಚಯ ಆಗುವುದೇ ಅಲ್ಲಿ.

ಇನ್ಶೂರೆನ್ಸ್ ವಿಷಯ ಗಮನವಿಟ್ಟು ಓದಿ. ನಿಮ್ಮ ಮನೆಯ ಜಿಪ್ ಕೋಡ್ (ನಮ್ಮ ಪಿನ್ ಕೋಡ್ ಥರದ್ದು) ನೋಡಿ ಪ್ರೀಮಿಯಂ ಹಾಕುತ್ತಾರೆ. ಅದೇ ಕಾರು, ಅದೇ ಡ್ರೈವರ್, ಊರು ಬದಲಾದರೆ ರೇಟೂ ಬದಲು. ಇಲ್ಲಿನ ಲೈಸೆನ್ಸ್ ಹೊಸದು ಅಂತ ಮೊದಲ ವರ್ಷ ಇನ್ನೂ ಜಾಸ್ತಿ ಕೇಳುತ್ತಾರೆ. ಎರಡು ಮೂರು ಮನೆ ಮನಸ್ಸಿನಲ್ಲಿದ್ದರೆ ಮೂರೂ ಜಿಪ್ ಕೋಡ್ ಕೊಟ್ಟು ಕೊಟೇಶನ್ ತರಿಸಿ, ಆಮೇಲೆ ಬಾಡಿಗೆ ಲೆಕ್ಕ ಹಾಕಿ. ಕಡಿಮೆಯಾಗುತ್ತೆ ಅಂತ ಗೆಳೆಯರ ಮನೆ ವಿಳಾಸ ಕೊಡಬೇಡಿ. ಅದು ವಂಚನೆ. ಅಪಘಾತವಾದ ದಿನ ಕಂಪನಿ ಕೈಬಿಡಬಹುದು. ಬೇರೆ ರಾಜ್ಯದಿಂದ ಕಾರು ತರುವವರು ನ್ಯೂಜೆರ್ಸಿಯಲ್ಲಿ 60 ದಿನದೊಳಗೆ, ನ್ಯೂಯಾರ್ಕ್‌ನಲ್ಲಿ 30 ದಿನದೊಳಗೆ ನೋಂದಣಿ ಬದಲಾಯಿಸಬೇಕು.

ಕಾಂಪ್ರಿಹೆನ್ಸಿವ್ ಕವರೇಜ್ ಬೇಡ ಅಂತ ಬಿಡಬೇಡಿ. 2021ರ ಸೆಪ್ಟೆಂಬರ್ 1ರ ರಾತ್ರಿ ಐಡಾ ಚಂಡಮಾರುತದ ಮಳೆ ಜೆರ್ಸಿಯಲ್ಲಿ ಜನರ ಜೀವವನ್ನೇ ತೆಗೆಯಿತು, ಲೆಕ್ಕವಿಲ್ಲದಷ್ಟು ಕಾರು ಮುಳುಗಿದವು. ಪ್ರವಾಹದಲ್ಲಿ ಕಾರು ಹಾಳಾದರೆ ದುಡ್ಡು ಬರುವುದು ಈ ಕವರೇಜ್‌ನಿಂದ ಮಾತ್ರ. ಮನೆ ನೋಡುವಾಗ ಪಾರ್ಕಿಂಗ್ ನೆಲಮಾಳಿಗೆಯಲ್ಲಿದ್ದರೆ, ಪಕ್ಕದಲ್ಲಿ ಹಳ್ಳವೋ ನದಿಯೋ ಇದ್ದರೆ, ಐಡಾದಲ್ಲಿ ಇಲ್ಲಿ ನೀರು ಬಂದಿತ್ತಾ ಅಂತ ಅಲ್ಲಿ ಹಳಬರಾಗಿರುವವರನ್ನು ಕೇಳಿ.

ಊರಿಗೆ ಹೋಗುವ ದಿನಗಳನ್ನೂ ಈಗಲೇ ನೆನೆಸಿಕೊಳ್ಳಿ. ಒಂದು ತಿಂಗಳು ಮೈಸೂರಿಗೋ ಶಿವಮೊಗ್ಗಕ್ಕೋ ಹೋದರೆ ರಸ್ತೆಯಲ್ಲಿ ಬಿಟ್ಟ ಕಾರಿಗೆ ವಾರ ವಾರವೂ ದಂಡ ಬೀಳುತ್ತೆ, ಕೊನೆಗೆ ಎಳೆದುಕೊಂಡೂ ಹೋಗುತ್ತಾರೆ. ಕಾಂಪ್ಲೆಕ್ಸಿನ ಒಳಗೆ ನಂಬರ್ ಹಾಕಿದ ಜಾಗ ಇದ್ದರೆ ಚಿಂತೆಯಿಲ್ಲ. ಬ್ಯಾಟರಿ ಸಾಯದಂತೆ ಆಗಾಗ ಸ್ಟಾರ್ಟ್ ಮಾಡಲು ಸ್ನೇಹಿತರಿಗೆ ಕೀ ಕೊಟ್ಟು ಹೋಗಿ. ಅಪ್ಪ ಅಮ್ಮ ಬೇಸಿಗೆಗೆ ಬಂದು ಆರು ತಿಂಗಳು ಇರುವಾಗಲೂ ಅಷ್ಟೇ. ಹಿರಿಯರಿಗೆ ನಡೆದು ಹೋಗಲು ಒಂದು ಪಾರ್ಕು, ಲೈಬ್ರರಿ ಇದ್ದರೆ ದಿನ ಕಳೆಯುತ್ತೆ. ಇಲ್ಲದಿದ್ದರೆ ಅವರೂ ಸಂಜೆಯ ಕಾರಿಗೇ ಕಾಯುತ್ತಾರೆ.

ಮನೆ ಇಷ್ಟವಾಯಿತು ಅಂದ ಮೇಲೆ ಒಂದು ಕೆಲಸ ಮಾಡಿ. ಲೀಸಿಂಗ್ ಆಫೀಸಿನವರು ತೋರಿಸುವುದು ಹಗಲಲ್ಲಿ, ಪಾರ್ಕಿಂಗ್ ಖಾಲಿ ಇರುವಾಗ. ನೀವು ವಾರದ ಮಧ್ಯೆ ಒಂದು ದಿನ ರಾತ್ರಿ ಒಂಬತ್ತೂವರೆಗೆ ಸುಮ್ನೆ ಒಂದು ಸುತ್ತು ಹಾಕಿ. ಜಾಗ ಉಳಿದಿದೆಯಾ, ಹುಲ್ಲಿನ ಮೇಲೆ ಕಾರು ಹತ್ತಿಸಿದ್ದಾರಾ, ದೀಪ ಉರಿಯುತ್ತಾ ನೋಡಿ. ರಸ್ತೆಯಲ್ಲಿ ರಾತ್ರಿ ನಿಲ್ಲಿಸಲು ಬಿಡುತ್ತಾರಾ ಅಂತ ಕೇಳಿ. ಜೆರ್ಸಿಯ ಬಹಳಷ್ಟು ಊರುಗಳಲ್ಲಿ ಬಿಡುವುದಿಲ್ಲ. ನಿಮಗೆ ಎಷ್ಟು ಜಾಗ, ಎರಡನೇ ಕಾರಿಗೆ ಎಷ್ಟು, ಅತಿಥಿಗಳ ಕಾರು ಎಲ್ಲಿ, ಹಿಮ ಬಿದ್ದ ದಿನ ಎಷ್ಟು ಹೊತ್ತಿಗೆ ಕಾರು ತೆಗೆಯಬೇಕು, ಎಲ್ಲವೂ ಅಗ್ರಿಮೆಂಟಿನಲ್ಲಿ ಬರಲಿ. ಬಾಯಿಮಾತು ಸಾಲದು. ಡಿಪಾಸಿಟ್ಟು ಒಂದೂವರೆ ತಿಂಗಳ ಬಾಡಿಗೆಗಿಂತ ಜಾಸ್ತಿ ಕೇಳಿದರೆ ಕೊಡಬೇಡಿ, ನ್ಯೂಜೆರ್ಸಿಯ ಕಾನೂನು ಅದಕ್ಕೆ ಬಿಡುವುದಿಲ್ಲ. ಆಮೇಲೆ ಅಲ್ಲಿಂದ ಸ್ಟೇಷನ್‌ವರೆಗೆ ಇಬ್ಬರೂ ಒಮ್ಮೆ ನಡೆದು ನೋಡಿ, ಮಗುವನ್ನು ಸ್ಟ್ರೋಲರ್‌ನಲ್ಲಿ ಕೂರಿಸಿಕೊಂಡು. ಅರ್ಧದಲ್ಲೇ ಫುಟ್‌ಪಾತ್ ಮುಗಿದು ಹೋದರೆ ಆ ಮನೆ ಬಿಟ್ಟು ಬೇರೆ ನೋಡಿ.